ಮಣ್ಣಿನ ಅಲಂಕಾರದ ಗೊಂಬೆ: ಬೆಲೆ ಕಟ್ಟಿಸಲು ಐದು ದಾರಿ, ನಿಮಗೆ ಯಾವುದು ಸರಿ?

ಹಳೆಯ ಗೊಂಬೆಯೊಂದನ್ನು ಕೈಯಲ್ಲಿ ಹಿಡಿದು 'ಇದಕ್ಕೆ ಎಷ್ಟು ಬರಬಹುದು?' ಎಂದು ಕೇಳಿದರೆ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಡೀಲರ್ ಹತ್ತಿರ ತೋರಿಸಿ ಎನ್ನುತ್ತಾರೆ ಒಬ್ಬರು. ಹರಾಜು ಸಂಸ್ಥೆಗೆ ಫೋಟೊ ಕಳಿಸಿ ಎನ್ನುತ್ತಾರೆ ಇನ್ನೊಬ್ಬರು. ಇಂಟರ್ನೆಟ್‌ನಲ್ಲೇ ಎಲ್ಲ ಸಿಗುತ್ತೆ, ಸುಮ್ನೆ ಯಾಕೆ ಖರ್ಚು ಎನ್ನುವವರಿದ್ದಾರೆ. ಫೀಸು ಕೊಟ್ಟು ಪರಿಣತರಿಂದ ಬೆಲೆ ಕಟ್ಟಿಸಿ ಎನ್ನುವವರೂ, ಲ್ಯಾಬ್‌ನಲ್ಲಿ ವಯಸ್ಸು ಪರೀಕ್ಷೆ ಮಾಡಿಸಿ ಎನ್ನುವವರೂ ಇದ್ದಾರೆ. ಇವರೆಲ್ಲ ಹೇಳುವುದರಲ್ಲಿ ಹುರುಳಿದೆ. ಆದರೆ ಈ ಐದು ದಾರಿಗಳು ಐದು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ನಿಮ್ಮ ಪ್ರಶ್ನೆ ಯಾವುದೆಂದು ಗೊತ್ತಿಲ್ಲದೆ ಹೊರಟರೆ, ಸಿಕ್ಕಿದ ಬೆಲೆ ನಿಜವೇ ಆಗಿದ್ದರೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಮಣ್ಣಿನ ಗೊಂಬೆ ಎಂದು ಇಲ್ಲಿ ಹೇಳುವಾಗ ಹಸಿಮಣ್ಣಿನದು, ಸುಟ್ಟ ಮಣ್ಣಿನದು, ಗಾಜಿನಂಥ ಮೆರುಗು ಹಾಕಿದ್ದು, ಪಿಂಗಾಣಿ ಎಲ್ಲವನ್ನೂ ಸೇರಿಸಿದ್ದೇನೆ.

ಯಾವ ಬೆಲೆ ಬೇಕು?

ಒಂದೇ ಗೊಂಬೆಗೆ ಒಂದೇ ದಿನ ಹಲವು ಬೆಲೆಗಳಿರುತ್ತವೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ನೂರರಲ್ಲಿ ಹೇಳುತ್ತೇನೆ. ಹರಾಜಿನಲ್ಲಿ ಒಂದು ಗೊಂಬೆ 100ಕ್ಕೆ ಹೋಯಿತು ಎಂದುಕೊಳ್ಳಿ. ಮಾರಿದವರಿಂದ ಸಂಸ್ಥೆ 15 ಕಮಿಷನ್ ಹಿಡಿದುಕೊಂಡರೆ ಅವರ ಕೈಗೆ ಬಂದದ್ದು 85. ಕೊಂಡವರ ಮೇಲೆ 25 ಪ್ರೀಮಿಯಂ ಹಾಕಿದರೆ ಅವರು ಕೊಟ್ಟದ್ದು 125. ಅದೇ ಗೊಂಬೆ ಒಳ್ಳೆಯ ಅಂಗಡಿಯ ಗಾಜಿನ ಕಪಾಟಿನಲ್ಲಿ 180ಕ್ಕೆ ಇರಬಹುದು. ಆ ಅಂಗಡಿಯವರು ಅದನ್ನು ಮೊದಲು 70ಕ್ಕೆ ಕೊಂಡಿರಬಹುದು. ಕಮಿಷನ್ ಮತ್ತು ಲಾಭದ ಪ್ರಮಾಣ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಆದರೂ 70ರಿಂದ 180ರವರೆಗೆ ಇರುವ ಯಾವ ಅಂಕಿಯೂ ಸುಳ್ಳಲ್ಲ. ಯಾರು, ಯಾವಾಗ, ಯಾವ ಕಡೆ ನಿಂತು ಕೇಳಿದರು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ ಅಷ್ಟೇ.

ವಿಮೆ ಮಾಡಿಸುವವರಿಗೆ 180 ಬೇಕು. ಗೊಂಬೆ ಒಡೆದರೆ ಅಂಥದ್ದೇ ಇನ್ನೊಂದನ್ನು ಅಂಗಡಿಯಿಂದ ತರಲು ಅಷ್ಟು ಖರ್ಚಾಗುತ್ತದೆ. ಆಸ್ತಿ ಪಾಲು ಮಾಡುವವರಿಗೆ ಬೇಕಾದದ್ದು ಮಾರುಕಟ್ಟೆ ಬೆಲೆ. ಅಂದರೆ ಯಾವ ಒತ್ತಡವೂ ಇಲ್ಲದೆ, ವಿಷಯ ಗೊತ್ತಿರುವ ಇಬ್ಬರು ಕೊಟ್ಟು ತೆಗೆದುಕೊಳ್ಳುವ ಬೆಲೆ. ಮಾರುವವರಿಗೆ ಕಮಿಷನ್ ಕಳೆದು ಕೈಗೆ ಬರುವ ಹಣವೇ ಮುಖ್ಯ. ವಿಮೆಗೆಂದು ಬರೆಸಿದ ಪತ್ರ ಇಟ್ಟುಕೊಂಡು ಮಾರಲು ಹೋದವರಿಗೆ ಆಗುವ ನಿರಾಸೆ ನೋಡಿದರೆ ಬೇಜಾರಾಗುತ್ತದೆ. ಡೀಲರ್ ಮೋಸ ಮಾಡುತ್ತಿದ್ದಾನೆ ಎಂದೇ ಅವರು ನಂಬಿರುತ್ತಾರೆ. ನಿಜದಲ್ಲಿ ಅವರ ಕೈಯಲ್ಲಿರುವ ಕಾಗದ ಬೇರೆ ಪ್ರಶ್ನೆಯ ಉತ್ತರ.

ಇದಾದ ಮೇಲೆ ಪ್ರತಿ ದಾರಿಯನ್ನೂ ನಾಲ್ಕು ವಿಷಯ ಇಟ್ಟುಕೊಂಡು ತೂಗಬೇಕು. ಬೆಲೆ ಹೇಳುವವರಿಗೆ ಆ ಬೆಲೆಯಿಂದ ಲಾಭವಿದೆಯೇ? ಗೊಂಬೆಯ ಬೆಲೆಗೆ ಹೋಲಿಸಿದರೆ ಖರ್ಚು ಎಷ್ಟು? ಕಾಗದದಲ್ಲಿ ಬರೆದು, ಸಹಿ ಹಾಕಿ ಕೊಡುತ್ತಾರೆಯೇ? ಗೊಂಬೆಗೆ ಏನಾದರೂ ಅಪಾಯವಿದೆಯೇ? ನನ್ನ ಮಟ್ಟಿಗೆ ಮೊದಲ ಎರಡಕ್ಕೆ ತೂಕ ಜಾಸ್ತಿ.

ಹೊರಡುವ ಮೊದಲು ಗೊಂಬೆಯ ತಳ ನೋಡಿ

ಯಾವ ದಾರಿ ಹಿಡಿದರೂ ಈ ಕೆಲಸ ತಪ್ಪುವುದಿಲ್ಲ. ದಪ್ಪ ಟವೆಲ್ ಹಾಸಿ, ಗೊಂಬೆಯನ್ನು ತಲೆ, ಕೈ ಹಿಡಿದು ಎತ್ತದೆ ಮೈಗೆ ಎರಡೂ ಕೈ ಕೊಟ್ಟು ಎತ್ತಿ, ನಿಧಾನವಾಗಿ ಮಲಗಿಸಿ. ಒದ್ದೆ ಬಟ್ಟೆಯಿಂದ ಒರೆಸಲು ಹೋಗಬೇಡಿ. ಸುಡದೆ ಬರೀ ಒಣಗಿಸಿ ಬಣ್ಣ ಹಚ್ಚಿದ ಗೊಂಬೆಗಳಿರುತ್ತವೆ. ಬಂಗಾಳದ ಕೃಷ್ಣನಗರದ ಹೆಸರಾಂತ ಗೊಂಬೆಗಳಲ್ಲಿ ಇಂಥವು ಇವೆ. ನೀರು ಸೋಕಿದರೆ ಬಣ್ಣ ಏಳುತ್ತದೆ, ಮಣ್ಣು ಕರಗುತ್ತದೆ. ಸುಟ್ಟ ಗೊಂಬೆಯಾದರೂ ಹಳೆಯ ಬಣ್ಣ ಮೆರುಗಿನ ಮೇಲೆ ಸುಡದೆ ಕೂತಿದ್ದರೆ ಅದೂ ಎದ್ದು ಬರುತ್ತದೆ. ದೂಳು ಇದ್ದರೆ ಇರಲಿ. ಚೊಕ್ಕ ಮಾಡಲು ಹೋಗಿ ಬೆಲೆ ಕಳೆದುಕೊಳ್ಳುವುದು ಬಹಳ ಸುಲಭ.

ಮೊದಲು ವಸ್ತು ಯಾವುದೆಂದು ನೋಡಿ. ತಳದಲ್ಲಿ ಮೆರುಗು ಇಲ್ಲದ ಜಾಗ ಹೆಚ್ಚಾಗಿ ಇರುತ್ತದೆ. ಅಲ್ಲಿ ಕೆಂಪು, ಕಂದು ಕಂಡರೆ ಸಾಮಾನ್ಯವಾಗಿ ಟೆರಾಕೋಟಾ. ಮಂಕು ಬಿಳಿಯಾಗಿ, ಸ್ವಲ್ಪ ರಂಧ್ರ ರಂಧ್ರವಾಗಿದ್ದರೆ ಅರ್ಥನ್‌ವೇರ್, ಅಂದರೆ ಪಿಂಗಾಣಿಗಿಂತ ಕಡಿಮೆ ಕಾವಿನಲ್ಲಿ ಸುಟ್ಟ ಮಣ್ಣು ಇರಬಹುದು. ಪಿಂಗಾಣಿ ನುಣುಪಾಗಿ, ಗಟ್ಟಿಯಾಗಿರುತ್ತದೆ. ಕತ್ತಲೆಯಲ್ಲಿ ತೆಳುವಾದ ಭಾಗದ ಹಿಂದೆ ಟಾರ್ಚ್ ಹಿಡಿದರೆ ಬೆಳಕು ಸ್ವಲ್ಪ ಆಚೆ ಬರುತ್ತದೆ. ಪ್ಲಾಸ್ಟಿಕ್‌ನಂಥ ರೆಸಿನ್‌ನಲ್ಲಿ ಎರಕ ಹೊಯ್ದ ಗೊಂಬೆಗಳು ನೋಡಲು ಪಿಂಗಾಣಿಯಂತೆಯೇ ಇರುತ್ತವೆ. ಕೆನ್ನೆಗೆ ತಾಗಿಸಿದರೆ ಪಿಂಗಾಣಿಯ ಆ ತಣುಪು ಅವಕ್ಕಿಲ್ಲ. ಇಷ್ಟರಲ್ಲೇ ಎಷ್ಟೋ ಜನರ ಪ್ರಶ್ನೆ ಮುಗಿಯುತ್ತದೆ. ರಾಶಿಗಟ್ಟಲೆ ಎರಕ ಹೊಯ್ದ ರೆಸಿನ್ ಗೊಂಬೆಗೆ ಫೀಸು ಕೊಟ್ಟು ಬೆಲೆ ಕಟ್ಟಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಆಮೇಲೆ ಗುರುತು, ಅಂದರೆ ತಯಾರಿಸಿದವರು ತಳದಲ್ಲಿ ಹಾಕಿದ ಮುದ್ರೆ. ಗುರುತು ಇದ್ದರೆ ಖುಷಿಯಾಗುತ್ತದೆ, ಆದರೆ ಅದೊಂದನ್ನೇ ನಂಬಬೇಡಿ. ಜರ್ಮನಿಯ ಮೈಸೆನ್ ಕಾರ್ಖಾನೆ ಶುರುವಾದದ್ದು 1710ರಲ್ಲಿ. ಅಡ್ಡಡ್ಡ ಇಟ್ಟ ಎರಡು ನೀಲಿ ಕತ್ತಿಗಳು ಅದರ ಗುರುತು. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಪಿಂಗಾಣಿ ಗುರುತುಗಳಲ್ಲಿ ಇದೂ ಒಂದು. ಅಸಲಿಯಲ್ಲೂ ಒಂದು ಸೂಕ್ಷ್ಮವಿದೆ. ಕತ್ತಿಗಳ ಮೇಲೆ ಅಡ್ಡಗೀರು ಹಾಕಿದ್ದರೆ ಅದನ್ನು ಎರಡನೇ ದರ್ಜೆ ಎಂದು ಕಾರ್ಖಾನೆಯೇ ಬೇರ್ಪಡಿಸಿದ ಹಾಗೆ. ಹಾಗಾಗಿ ಆ ಜಾಗವನ್ನು ಭೂತಗನ್ನಡಿ ಹಿಡಿದೇ ನೋಡಬೇಕು.

ಕೆಲವು ಗುರುತುಗಳು ವಯಸ್ಸು ಹೇಳುತ್ತವೆ. 1890ರಲ್ಲಿ ಅಮೆರಿಕ ತಂದ ಸುಂಕದ ಕಾಯ್ದೆಯಿಂದಾಗಿ, 1891ರಿಂದ ಅಲ್ಲಿಗೆ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕಾಯಿತು. ಹಾಗಾಗಿ ತಳದಲ್ಲಿ 'ಇಂಗ್ಲೆಂಡ್' ಎಂದು ಅಚ್ಚಾಗಿದ್ದರೆ ಗೊಂಬೆ ಬಹುಶಃ ಅದಕ್ಕಿಂತ ಹಳೆಯದಲ್ಲ. ದೇಶದ ಹೆಸರಿಲ್ಲ ಎಂದ ಮಾತ್ರಕ್ಕೆ ಹಳೆಯದು ಎಂದೂ ಹೇಳಲಾಗದು. ಎಲ್ಲ ಗೊಂಬೆಗಳೂ ಅಮೆರಿಕಕ್ಕೆ ಹೋಗುತ್ತಿರಲಿಲ್ಲವಲ್ಲ. 'ಆಕ್ಯುಪೈಡ್ ಜಪಾನ್' ಎಂಬ ಗುರುತು ಎರಡನೇ ಮಹಾಯುದ್ಧದ ನಂತರ ಜಪಾನ್ ಮಿತ್ರರಾಷ್ಟ್ರಗಳ ಹಿಡಿತದಲ್ಲಿದ್ದ, 1952ಕ್ಕೆ ಮುಗಿದ ಆ ಚಿಕ್ಕ ಅವಧಿಯದು. ಮಕ್ಕಳ ರೂಪದ ಹಮ್ಮೆಲ್ ಗೊಂಬೆಗಳನ್ನು ಜರ್ಮನಿಯ ಗೊಬೆಲ್ ಕಂಪನಿ 1935ರಲ್ಲಿ ಶುರು ಮಾಡಿತು. ಮೊದಲ ಕಾಲದವಕ್ಕೆ ಕಿರೀಟದ ಗುರುತು, 1950ರ ದಶಕದಲ್ಲಿ ಜೇನುಹುಳದ ಗುರುತು. ಒಂದೇ ಅಚ್ಚಿನ ಹುಡುಗನಿಗೆ ಕಿರೀಟ ಇದ್ದರೆ ಒಂದು ಬೆಲೆ, ಆಮೇಲಿನ ಗುರುತಿದ್ದರೆ ಇನ್ನೊಂದು. ಇಂಗ್ಲೆಂಡಿನ ರಾಯಲ್ ಡೌಲ್ಟನ್ ಕಂಪನಿಯ ಗೊಂಬೆಗಳ ತಳದಲ್ಲಿ ಎಚ್‌ಎನ್ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಈ ಸರಣಿ ಆರಂಭವಾದದ್ದು 1913ರಲ್ಲಿ. ಆ ಸಂಖ್ಯೆ ಬರೆದುಕೊಂಡರೆ ಹುಡುಕುವ ಕೆಲಸ ಅರ್ಧ ಮುಗಿಯಿತು.

ಗುರುತೇ ಇಲ್ಲದಿದ್ದರೆ? ಆಗ ಮಾಡಿದ ರೀತಿ ಮಾತಾಡುತ್ತದೆ. 19ನೇ ಶತಮಾನದ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್ ಗೊಂಬೆಗಳನ್ನು ತೆಗೆದುಕೊಳ್ಳಿ. ಮುಂದೆ ಮಾತ್ರ ಅಲಂಕಾರ, ಹಿಂದೆ ಚಪ್ಪಟೆ. ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ಗೋಡೆಗೆ ಒರಗಿಸಿ ಇಡಲು ಮಾಡಿದಂಥವು. ಬಹಳಷ್ಟಕ್ಕೆ ಗುರುತಿಲ್ಲ. ಹಳೆಯವನ್ನು ಮಣ್ಣಿನ ಹಾಳೆ ಅಚ್ಚಿಗೆ ಬೆರಳಿನಿಂದ ಒತ್ತಿ ಮಾಡುತ್ತಿದ್ದರು. ಸುಡುವಾಗ ಗಾಳಿ ಹೊರಗೆ ಹೋಗಲು ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಆಮೇಲಿನ ನಕಲುಗಳನ್ನು ನೀರಾದ ಮಣ್ಣನ್ನು ಅಚ್ಚಿಗೆ ಸುರಿದು ಮಾಡಿದ್ದಾರೆ. ಸುರಿದು ಮಿಕ್ಕಿದ್ದನ್ನು ಹೊರಗೆ ಚೆಲ್ಲಬೇಕಾದ್ದರಿಂದ ತಳದ ತೂತು ದೊಡ್ಡದು. ಕೈಗೆ ಎತ್ತಿದಾಗ ಹಗುರ. ಮೆರುಗಿನಲ್ಲಿ ಬಲೆಯಂಥ ಬಿರುಕು ಮೈಪೂರ್ತಿ ಒಂದೇ ಸಮನೆ ಹರಡಿ, ಬಿರುಕಿನೊಳಗೆ ಕಂದು ಬಣ್ಣ ತುಂಬಿದ್ದರೆ ಅದನ್ನು ಹಳೆಯದಾಗಿ ಕಾಣಿಸಲೆಂದೇ ಮಾಡಿರುವ ಸಾಧ್ಯತೆ ಹೆಚ್ಚು. ನಿಜವಾದ ವಯಸ್ಸು ಅಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ.

ಕೊನೆಗೆ ಸ್ಥಿತಿ. ಬೆಲೆ ಏರುವುದೂ ಇಳಿಯುವುದೂ ಇಲ್ಲೇ. ಮೊದಲು ಕಳಚುವುದು ಬೆರಳ ತುದಿ, ಹೂವಿನ ಎಸಳು, ಟೋಪಿಯ ಅಂಚು, ಕೈಯಲ್ಲಿ ಹಿಡಿದ ಕೋಲು ಅಥವಾ ಕೊಳಲು. ಗೊಂಬೆ ಬಿದ್ದರೆ ಮುರಿಯುವುದು ಹೆಚ್ಚಾಗಿ ಕುತ್ತಿಗೆ. ನಾನು ಯಾವ ಗೊಂಬೆ ನೋಡಿದರೂ ಮೊದಲು ಕುತ್ತಿಗೆಗೇ ಬರುತ್ತೇನೆ. ಉಗುರಿನ ಅಂಚಿನಿಂದ ಗಲ್ಲದ ಕೆಳಗಿಂದ ಹೆಗಲಿನವರೆಗೆ ಮೆಲ್ಲಗೆ ಸವರುತ್ತೇನೆ. ಮೆರುಗು ಗಾಜಿನ ಹಾಗೆ ಜಾರುತ್ತಾ ಬಂದು ಒಂದು ಕಡೆ ಸ್ವಲ್ಪ ಮೆತ್ತಗೆ, ಸ್ವಲ್ಪ ಅಂಟಿದಂತೆ ಆದರೆ ಅಲ್ಲಿ ಅನುಮಾನ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದರೆ ಅಂಥ ಕಡೆ ಒಂದು ಪಟ್ಟಿ ಬೇರೆಯೇ ಬಣ್ಣದಲ್ಲಿ ಹೊಳೆಯುವುದುಂಟು. ಹಗಲಿನಲ್ಲಿ ಎಷ್ಟು ಬಗ್ಗಿ ನೋಡಿದರೂ ಕಾಣದ ರಿಪೇರಿ ಅದು. ಅಂಟು ಹಾಕಿ, ಮೇಲೆ ಬಣ್ಣ ಬಳಿದು, ಆ ಬಣ್ಣ ಸುತ್ತಲಿನ ಮೆರುಗಿನ ಮೇಲೂ ಹರಡಿರುತ್ತದೆ. ಕೆಲವು ಹೊಸ ಬಣ್ಣಗಳು ಟಾರ್ಚಿಗೂ ಸಿಗುವುದಿಲ್ಲ, ಆದ್ದರಿಂದ ಕಣ್ಣು ಮತ್ತು ಉಗುರು ಎರಡೂ ಬೇಕು. ಟೊಳ್ಳಾದ ಗೊಂಬೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಬಿರುಕಿದ್ದರೆ ಸದ್ದು ಮಂಕಾಗುತ್ತದೆ.

ಇಷ್ಟನ್ನೂ ನೋಡಿ ಬರೆದಿಟ್ಟುಕೊಳ್ಳಿ. ಎತ್ತರ, ವಸ್ತು, ಗುರುತು, ಸಂಖ್ಯೆ, ಮುಕ್ಕಾದ ಜಾಗ, ಮನೆಗೆ ಹೇಗೆ ಬಂತು, ಹಳೆಯ ರಸೀದಿ ಇದೆಯೇ. ಮುಂದೆ ಯಾರ ಹತ್ತಿರ ಹೋದರೂ ಈ ಒಂದು ಪುಟದಿಂದ ನಿಮ್ಮ ಮಾತಿಗೆ ಬೆಲೆ ಬರುತ್ತದೆ.

ನೀವೇ ಹುಡುಕುವುದು

ಖರ್ಚಿಲ್ಲ. ಹೇಳುವವರ ಸ್ವಾರ್ಥವೂ ಇಲ್ಲ. ಬೇಕಾದದ್ದು ತಾಳ್ಮೆ ಮತ್ತು ಒಂದು ನಿಯಮ: ಮಾರಾಟಕ್ಕೆ ಇಟ್ಟ ಬೆಲೆ ನೋಡಬೇಡಿ, ಮಾರಿ ಹೋದ ಬೆಲೆ ನೋಡಿ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು. ಕೇಳಿದ್ದೇ ಬೆಲೆ ಎಂದುಕೊಂಡರೆ ಪ್ರತಿ ಗೊಂಬೆಯೂ ನಿಧಿಯೇ. ಇಬೇಯಂಥ ತಾಣಗಳಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ. ದೊಡ್ಡ ಹರಾಜು ಸಂಸ್ಥೆಗಳು ಹಳೆಯ ಹರಾಜುಗಳ ಫಲಿತಾಂಶವನ್ನು ತಮ್ಮ ತಾಣಗಳಲ್ಲೇ ಇಟ್ಟಿರುತ್ತವೆ.

ಹೋಲಿಸುವಾಗ ಅದೇ ಅಚ್ಚು, ಅದೇ ಗುರುತು, ಅದೇ ಎತ್ತರ, ಅದೇ ಸ್ಥಿತಿ ಎಲ್ಲವೂ ಕೂಡಿ ಬರಬೇಕು. ಒಂದು ಮಾರಾಟ ಸಿಕ್ಕರೆ ಅದು ಸುದ್ದಿ ಮಾತ್ರ. ಐದಾರು ಸಿಕ್ಕಿ ಅವು ಹತ್ತಿರ ಹತ್ತಿರ ಇದ್ದರೆ ಅದು ಬೆಲೆ. ಪ್ರೀಮಿಯಂ ಸೇರಿದೆಯೋ ಇಲ್ಲವೋ ಎಂದೂ ನೋಡಿಕೊಳ್ಳಿ. ಹಳೆಯ ಬೆಲೆಪುಸ್ತಕ ಕೈಗೆ ಸಿಕ್ಕರೆ ಗುರುತು ಗುರುತಿಸಲು ಇಟ್ಟುಕೊಳ್ಳಿ, ಬೆಲೆಗೆ ಬೇಡ. ಹಮ್ಮೆಲ್, ರಾಯಲ್ ಡೌಲ್ಟನ್ ಎರಡನ್ನೂ ಒಂದು ಕಾಲದಲ್ಲಿ ಮುಗಿಬಿದ್ದು ಕೂಡಿಸುತ್ತಿದ್ದರು. ಆಗ ಕೂಡಿಸಿದವರ ಮನೆಗಳಿಂದ ಈಗ ಎಲ್ಲವೂ ಒಟ್ಟಿಗೆ ಮಾರುಕಟ್ಟೆಗೆ ಬರುತ್ತಿವೆ, ಕೊಳ್ಳುವವರು ಕಡಿಮೆಯಾಗಿದ್ದಾರೆ. ಸಾಮಾನ್ಯ ಗೊಂಬೆಗಳ ಬೆಲೆ ತುಂಬಾ ಇಳಿದಿದೆ. ಪುಸ್ತಕ ಮಾತ್ರ ಹಳೆಯ ಬೆಲೆಯನ್ನೇ ಹೇಳುತ್ತಿರುತ್ತದೆ.

ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ, ಗುರುತಿರುವ ಗೊಂಬೆಗೆ ಈ ದಾರಿ ಸಾಕು ಎಂದು ಧೈರ್ಯವಾಗಿ ಹೇಳುತ್ತೇನೆ. 'ಲಿಮಿಟೆಡ್ ಎಡಿಷನ್' ಎಂಬ ಸರ್ಟಿಫಿಕೇಟ್ ಇದ್ದರೂ ಅಷ್ಟೇ. ಎಷ್ಟು ಮಾಡಿದ್ದಾರೆ ಎಂಬ ಸಂಖ್ಯೆ ನೋಡಿ. ಹತ್ತು ಸಾವಿರಕ್ಕೆ ಮಿತಿ ಹಾಕಿದ್ದರೆ ಅದು ಅಪರೂಪವೇ? ಗುರುತಿಲ್ಲದ್ದು, ಕೈಯಲ್ಲೇ ಮಾಡಿದ್ದು, ಒಂದೇ ಒಂದು ಇರುವಂಥದ್ದಾದರೆ ಹೋಲಿಸಲು ಇನ್ನೊಂದು ಸಿಗುವುದಿಲ್ಲ. ಅಲ್ಲಿ ಈ ದಾರಿ ನಿಂತುಹೋಗುತ್ತದೆ.

ಫೋಟೊ ತೆಗೆದರೆ ಬೆಲೆ ಹೇಳುವ ಆ್ಯಪ್‌ಗಳನ್ನೂ ಇದರಲ್ಲೇ ಸೇರಿಸುತ್ತೇನೆ. ಹೆಸರು ಹುಡುಕಲು ಪರವಾಗಿಲ್ಲ. ಕುತ್ತಿಗೆಯ ರಿಪೇರಿ ಫೋಟೊದಲ್ಲಿ ಕಾಣುವುದಿಲ್ಲ, ಅಲ್ವಾ? ಹಾಗಾಗಿ ಅವು ಹೇಳುವ ಬೆಲೆಯನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ.

ಡೀಲರ್

ಡೀಲರ್‌ಗಳ ಬಗ್ಗೆ ಜನರಿಗೆ ಅನುಮಾನ ಜಾಸ್ತಿ. ನನಗೆ ಅವರ ಕಣ್ಣಿನ ಮೇಲೆ ಗೌರವ ಇದೆ. ವರ್ಷಗಟ್ಟಲೆ ಒಂದೇ ಬಗೆಯ ಗೊಂಬೆ ಕೈಯಲ್ಲಿ ಹಿಡಿದವರಿಗೆ ತೂಕದಲ್ಲೇ ನಕಲು ಗೊತ್ತಾಗುತ್ತದೆ. ಅವರು ಹೇಳಿದ ಬೆಲೆಯಲ್ಲಿ ಒಂದು ಗುಣವಿದೆ: ಅಷ್ಟು ಹಣ ಕೊಡಲು ಅವರು ಸಿದ್ಧರಿರುತ್ತಾರೆ. ಬೇರೆ ಯಾವ ದಾರಿಯಲ್ಲೂ ಬೆಲೆ ಹೇಳಿದವರು ಅದೇ ಗಳಿಗೆ ದುಡ್ಡು ತೆಗೆದು ಕೊಡುವುದಿಲ್ಲ.

ತೊಂದರೆ ಎಲ್ಲಿದೆ ಎಂದರೆ, ಬೆಲೆ ಕಡಿಮೆ ಹೇಳಿದಷ್ಟೂ ಅವರಿಗೆ ಲಾಭ. ಅವರು ಅಂಗಡಿ ಬಾಡಿಗೆ ಕಟ್ಟಬೇಕು, ತಿಂಗಳುಗಟ್ಟಲೆ ಗೊಂಬೆ ಇಟ್ಟುಕೊಳ್ಳಬೇಕು, ಮಾರದೆ ಉಳಿದರೆ ನಷ್ಟ ಅವರದೇ. ಹಾಗಾಗಿ ಅಂಗಡಿ ಬೆಲೆಯ ಮೂರನೇ ಒಂದರಿಂದ ಅರ್ಧದಷ್ಟು ಕೊಟ್ಟರೆ ಅದನ್ನು ಮೋಸ ಎನ್ನಲಾಗದು. ಬೇಗ ಹಣ ಬೇಕು, ಗೊಂಬೆಯ ಬೆಲೆ ಸಾಧಾರಣ, ಹರಾಜಿನ ತಾಪತ್ರಯ ಬೇಡ ಎನ್ನುವವರಿಗೆ ಇದೇ ಸರಿ. ಇಬ್ಬರು ಮೂವರ ಹತ್ತಿರ ಕೇಳಿ. 'ನೀವೇ ಎಷ್ಟಕ್ಕೆ ಕೊಡುತ್ತೀರಿ ಹೇಳಿ' ಎಂದರೆ ಅಂಕಿ ಹೇಳಬೇಡಿ. ಕೊಳ್ಳುವವರು ಮೊದಲು ಹೇಳಲಿ. ಹಾಗೆಯೇ ವಿಮೆಗೆ ಅಥವಾ ಪಾಲಿಗೆ ಬೆಲೆ ಬೇಕಿದ್ದರೆ, ಕೊಳ್ಳಲು ಆಸೆಪಡುವವರಿಂದ ಅದನ್ನು ಬರೆಸಿಕೊಳ್ಳಬೇಡಿ.

ಹರಾಜು ಸಂಸ್ಥೆ

ಬಹಳಷ್ಟು ಸಂಸ್ಥೆಗಳು ಫೋಟೊ ನೋಡಿ ಅಂದಾಜು ಬೆಲೆಯನ್ನು ಉಚಿತವಾಗಿ ಹೇಳುತ್ತವೆ. ಕೆಳಗಿನದೊಂದು, ಮೇಲಿನದೊಂದು ಎಂದು ಎರಡು ಅಂಕಿ ಕೊಡುತ್ತಾರೆ. ಗೊಂಬೆ ತಮಗೆ ಬರಲಿ ಎಂಬ ಆಸೆ ಅವರಿಗೂ ಇರುತ್ತದೆ. ಹಾಗಾಗಿ ಕೆಲವರು ಮೇಲಕ್ಕೆ ಹೇಳಿ ಆಕರ್ಷಿಸಬಹುದು. ಆದರೆ ಕೊಳ್ಳುವವರು ಸೇರಲಿ ಎಂದು ಅಂದಾಜನ್ನು ಬೇಕೆಂದೇ ಕಡಿಮೆ ಇಡುವುದೂ ಇದೆ. ಎರಡೂ ಕಡೆ ಎಳೆತವಿರುವುದರಿಂದ ಈ ಅಂದಾಜನ್ನು ಬೆಲೆ ಎನ್ನುವುದಕ್ಕಿಂತ ಮುನ್ಸೂಚನೆ ಎನ್ನುವುದು ಸರಿ.

ಅಪರೂಪದ ಗೊಂಬೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೈಸೆನ್‌ನಲ್ಲಿ 1731ರಿಂದ ಕೆಲಸ ಮಾಡಿದ ಶಿಲ್ಪಿ ಯೋಹಾನ್ ಯೋಆಖಿಮ್ ಕೆಂಡ್ಲರ್ ರೂಪಿಸಿದ 18ನೇ ಶತಮಾನದ ಗೊಂಬೆಯೇ ನಿಮ್ಮ ಬಳಿ ಇದೆ ಎಂದುಕೊಳ್ಳಿ. ಅದನ್ನು ಕೂಡಿಸುವವರು ಜಗತ್ತಿನ ಮೂಲೆ ಮೂಲೆಯಲ್ಲಿದ್ದಾರೆ. ಇಬ್ಬರು ಪಟ್ಟುಹಿಡಿದು ಏರಿಸಿದರೆ ಯಾವ ಡೀಲರ್ ಕೊಡುವ ಬೆಲೆಯೂ ಅದರ ಹತ್ತಿರ ಬರುವುದಿಲ್ಲ. ಪಿಂಗಾಣಿ ವಿಭಾಗವೇ ಇರುವ ಸಂಸ್ಥೆಯನ್ನು ಹುಡುಕಿ. ಎಲ್ಲ ಸಾಮಾನೂ ಹಾಕುವ ಸಾಮಾನ್ಯ ಹರಾಜಿನಲ್ಲಿ ಒಳ್ಳೆಯ ಗೊಂಬೆ ಕುರ್ಚಿ ಮೇಜುಗಳ ನಡುವೆ ಅಗ್ಗಕ್ಕೆ ಹೋಗಿಬಿಡುತ್ತದೆ.

ಸಾಧಾರಣ ಗೊಂಬೆಗೆ ಲೆಕ್ಕ ತಿರುಗುತ್ತದೆ. ಕಮಿಷನ್ ಜೊತೆಗೆ ಫೋಟೊ ಖರ್ಚು, ವಿಮೆ, ಸಾಗಣೆ ಇರಬಹುದು. ಮಾರಾಟವಾಗದೆ ಉಳಿದರೂ ಕೆಲವು ಕಡೆ ಶುಲ್ಕವಿದೆ. ಉಳಿದು ವಾಪಸ್ ಬಂದ ವಸ್ತು ಎಂಬ ದಾಖಲೆ ಮುಂದಿನ ಕೊಳ್ಳುವವರಿಗೂ ಕಾಣುತ್ತದೆ. ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿ: ಇಷ್ಟಕ್ಕಿಂತ ಕಡಿಮೆಗೆ ಮಾರಬಾರದು ಎಂಬ ಕನಿಷ್ಠ ಬೆಲೆ ಇಡಬಹುದೇ? ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ?

ಫೀಸು ಕೊಟ್ಟು ಬೆಲೆ ಕಟ್ಟಿಸುವುದು

ಫೀಸಿಗೆ ಬೆಲೆ ಕಟ್ಟುವ ಪರಿಣತರು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಗಂಟೆಗೆ ಇಷ್ಟು ಅಥವಾ ಕೆಲಸಕ್ಕೆ ಇಷ್ಟು ಎಂದು ಫೀಸು. ಗೊಂಬೆಯ ಬೆಲೆಯಲ್ಲಿ ಇಷ್ಟು ಪಾಲು ಎಂದು ಫೀಸು ಕೇಳುವವರನ್ನು ಅಲ್ಲೇ ಬಿಟ್ಟುಬಿಡಿ. ಬೆಲೆ ಏರಿದಷ್ಟೂ ಅವರಿಗೆ ಲಾಭವಾಗುವ ಹಾಗಿದ್ದರೆ ಅವರು ಹೇಳುವ ಬೆಲೆಗೆ ಅರ್ಥವೇನು? ಅಮೆರಿಕದ ಬೆಲೆ ಕಟ್ಟುವವರ ವೃತ್ತಿ ನಿಯಮಗಳಲ್ಲಿ ಇದಕ್ಕೆ ಸ್ಪಷ್ಟ ನಿಷೇಧವೇ ಇದೆ.

ಒಳ್ಳೆಯ ವರದಿಯಲ್ಲಿ ಯಾವ ಉದ್ದೇಶಕ್ಕೆ, ಯಾವ ದಿನಾಂಕಕ್ಕೆ, ಯಾವ ಬಗೆಯ ಬೆಲೆ ಎಂದು ಬರೆದಿರುತ್ತದೆ. ಹೋಲಿಸಿದ ಮಾರಾಟಗಳು, ಸ್ಥಿತಿಯ ವಿವರ, ಫೋಟೊ, ಬೆಲೆ ಕಟ್ಟಿದವರ ಅರ್ಹತೆ, ಸಹಿ ಎಲ್ಲ ಇರುತ್ತದೆ. ವಿಮಾ ಕಂಪನಿ, ನ್ಯಾಯಾಲಯ, ತೆರಿಗೆ ಇಲಾಖೆ ಕೇಳುವುದು ಇಂಥದ್ದನ್ನೇ. ಆಸ್ತಿ ಪಾಲಿನಲ್ಲಿ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯುವ ಸೂಚನೆ ಇದ್ದರೂ ಇದೇ ಸರಿ. ಮೂರನೆಯವರು ಸಹಿ ಹಾಕಿದ ಬೆಲೆಗೆ ಎಲ್ಲರೂ ತಲೆಬಾಗುವುದು ಸುಲಭ.

ಒಂದೇ ಗೊಂಬೆಗೆ ಇದು ದುಬಾರಿ. ಒಂದು ಕಪಾಟು ತುಂಬಾ ಇದ್ದರೆ ಫೀಸು ಹಂಚಿಹೋಗುತ್ತದೆ. ನಾನು ಹೇಳುವ ಉಪಾಯ ಇದು: ಮೊದಲು ನೀವೇ ಹುಡುಕಿ ಕಪಾಟನ್ನು ಎರಡು ಭಾಗ ಮಾಡಿ. ಬೆಲೆ ಗೊತ್ತಾದ ಕಾರ್ಖಾನೆ ಗೊಂಬೆಗಳು ಒಂದು ಕಡೆ, ಗೊತ್ತಾಗದವು ಇನ್ನೊಂದು ಕಡೆ. ಎರಡನೇ ಭಾಗಕ್ಕೆ ಮಾತ್ರ ಫೀಸು ಕೊಡಿ. ಹೋಗುವ ಮೊದಲು ಅವರು ಯಾವುದರಲ್ಲಿ ಪರಿಣತರು ಎಂದು ಕೇಳಲೇಬೇಕು. ಚಿತ್ರಕಲೆಗೆ ಬೆಲೆ ಕಟ್ಟುವವರಿಗೆ ಮಣ್ಣು ಗೊತ್ತಿರಬೇಕೆಂದಿಲ್ಲ.

ಲ್ಯಾಬ್ ಪರೀಕ್ಷೆ

ಥರ್ಮೋಲುಮಿನೆಸೆನ್ಸ್ ಎಂಬ ಪರೀಕ್ಷೆ ಇದೆ. ಮಣ್ಣಿನಲ್ಲಿರುವ ಕ್ವಾರ್ಟ್ಸ್‌ನಂಥ ಖನಿಜಗಳು ಸುತ್ತಲಿನ ಸಹಜ ವಿಕಿರಣದ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಕೂಡಿಟ್ಟುಕೊಳ್ಳುತ್ತವೆ. ಆವಿಗೆಯಲ್ಲಿ ಸುಟ್ಟಾಗ ಕೂಡಿದ್ದೆಲ್ಲ ಖಾಲಿಯಾಗಿ, ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಲ್ಯಾಬ್‌ನಲ್ಲಿ ಚಿಟಿಕೆ ಪುಡಿಯನ್ನು ಮತ್ತೆ ಕಾಯಿಸಿದಾಗ ಹೊರಬರುವ ಬೆಳಕನ್ನು ಅಳೆದು, ಕೊನೆಯ ಸಲ ಸುಟ್ಟು ಎಷ್ಟು ಕಾಲವಾಯಿತು ಎಂದು ಹೇಳುತ್ತಾರೆ.

ಇದರ ಶಕ್ತಿ ದೊಡ್ಡದು. ಟರ್ಕಿಯ ಹಜಿಲಾರ್‌ನ ನವಶಿಲಾಯುಗದ ಮಣ್ಣಿನ ವಸ್ತುಗಳು ಎಂದು ಹೆಸರಾಗಿ ದೊಡ್ಡ ವಸ್ತುಸಂಗ್ರಹಾಲಯಗಳನ್ನೂ ಸೇರಿದ್ದವುಗಳನ್ನು ಈ ಪರೀಕ್ಷೆಗೆ ಒಡ್ಡಿದರು. 1971ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 66ರ ಪೈಕಿ 48 ಹೊಸ ಕಾಲದವು ಎಂದು ಗೊತ್ತಾಯಿತು. ಕಣ್ಣಿನ ಅಂದಾಜು ಎಷ್ಟು ಮೋಸ ಹೋಗಬಹುದು ಎನ್ನುವುದಕ್ಕೆ ಇದು ಸಾಕು. ಗ್ರೀಸಿನ ಟನಾಗ್ರಾ ಗೊಂಬೆಗಳದೂ ಇಂಥದ್ದೇ ಕಥೆ. 1870ರ ದಶಕದಲ್ಲಿ ಸಮಾಧಿಗಳಿಂದ ಹೊರಬಂದು ಯೂರೋಪಿನವರ ಮನಸ್ಸು ಗೆದ್ದವು. ಬೇಡಿಕೆ ಏರಿದ ಬೆನ್ನಿಗೇ ನಕಲುಗಳು ತುಂಬಿದವು.

ಆದರೆ ಈ ಪರೀಕ್ಷೆ ಬೆಲೆ ಹೇಳುವುದಿಲ್ಲ, ವಯಸ್ಸು ಮಾತ್ರ ಹೇಳುತ್ತದೆ. ತೀರಾ ಹಳೆಯದಾಗಿಯೂ ಅಗ್ಗದ ಗೊಂಬೆಗಳಿವೆ. ಹಳೆಯ ಚೂರುಗಳನ್ನು ಜೋಡಿಸಿ ಹೊಸ ಗೊಂಬೆ ಮಾಡಿದ್ದರೆ, ಪರೀಕ್ಷೆಯ ಪುಡಿಗೆಂದು ತೂತು ಕೊರೆದ ಜಾಗ ಹಳೆಯ ಚೂರೇ ಆಗಿದ್ದರೆ, ಪರೀಕ್ಷೆಯಲ್ಲಿ ಪಾಸಾಗುತ್ತದೆ. ಕಾಣದ ಜಾಗದಲ್ಲಾದರೂ ಸಣ್ಣ ತೂತು ಕೊರೆಯಲೇಬೇಕು. ಶೋಕೇಸಿನ ಕಾರ್ಖಾನೆ ಗೊಂಬೆಗೆ ಇದು ದಂಡ. ನೂರಾರು, ಸಾವಿರಾರು ವರ್ಷ ಹಳೆಯದು ಎಂದು ಹೇಳಿ ಮಾರುವ ಟೆರಾಕೋಟಾಕ್ಕೆ ಮಾತ್ರ ಇದು ಬೇಕು, ಅದೂ ಪರಿಣತರೊಬ್ಬರು ನೋಡಿ ಹೌದೆಂದ ಮೇಲೆ. ಮಾರುವವರೇ ತೋರಿಸುವ ಲ್ಯಾಬ್ ಸರ್ಟಿಫಿಕೇಟ್ ಆದರೆ, ಫೋಟೊದಲ್ಲಿರುವ ಗೊಂಬೆ ಇದೇ ತಾನೇ ಎಂದು ನೋಡಿ. ಲ್ಯಾಬ್‌ಗೇ ಬರೆದು ವಿಚಾರಿಸಿ.

ಇಂಥ ಗೊಂಬೆಗಳಲ್ಲಿ ವಯಸ್ಸಿಗಿಂತ ಮೊದಲು ಕೇಳಬೇಕಾದದ್ದು ಅದು ಎಲ್ಲಿಂದ ಬಂತು ಎಂದು. ಕಳ್ಳಸಾಗಣೆ ತಡೆಯಲು ಯುನೆಸ್ಕೊ ಒಪ್ಪಂದ ಆದದ್ದು 1970ರಲ್ಲಿ. ಅದಕ್ಕೆ ಮೊದಲೇ ಮೂಲ ದೇಶದಿಂದ ಹೊರಬಂದಿತ್ತು ಎನ್ನುವುದಕ್ಕೆ ಕಾಗದ ಇದೆಯೇ ಎಂದು ದೊಡ್ಡ ಸಂಸ್ಥೆಗಳು, ಸಂಗ್ರಹಾಲಯಗಳು ಕೇಳುತ್ತವೆ. ನೈಜೀರಿಯಾದ ಪ್ರಾಚೀನ ನೋಕ್ ಸಂಸ್ಕೃತಿಯ ಟೆರಾಕೋಟಾ ಗೊಂಬೆಗಳು ಲೂಟಿಯ ಅಪಾಯದಲ್ಲಿರುವ ವಸ್ತುಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿವೆ. ದಾಖಲೆ ಇಲ್ಲದ ಅಸಲಿ ಗೊಂಬೆಯನ್ನು ನೆಟ್ಟಗಿನ ಮಾರುಕಟ್ಟೆಯಲ್ಲಿ ಮಾರಲು ಆಗದೇ ಹೋಗಬಹುದು. ಮಾರಲಾಗದ್ದಕ್ಕೆ ಬೆಲೆ ಎಲ್ಲಿಂದ ಬರುತ್ತದೆ? ಮೇಲಾಗಿ, ನೆಲದಿಂದ ಕಿತ್ತು ತಂದ ಗೊಂಬೆಯ ಜೊತೆ ಅದು ಯಾರದು, ಯಾಕೆ ಅಲ್ಲಿತ್ತು ಎಂಬ ತಿಳಿವಳಿಕೆ ಪೂರ್ತಿ ನಾಶವಾಗಿರುತ್ತದೆ. ಅಂಥದ್ದನ್ನು ಕೊಳ್ಳಬೇಡಿ ಎಂದೇ ನನ್ನ ಮಾತು.

ನಿಮ್ಮದು ಯಾವ ಸಂದರ್ಭ?

ಹಿರಿಯರ ಕಪಾಟು ನಿಮ್ಮ ಪಾಲಿಗೆ ಬಂದಿದ್ದು, ಕೈಯಲ್ಲಿ ಹೆಚ್ಚು ಹಣ ಇಲ್ಲದಿದ್ದರೆ ಹುಡುಕಾಟದಿಂದ ಶುರು ಮಾಡಿ. ಗೊತ್ತಾಗದ ಒಂದೆರಡಕ್ಕೆ ಹರಾಜು ಸಂಸ್ಥೆಗಳ ಉಚಿತ ಅಂದಾಜು ಕೇಳಿ, ಒಂದಕ್ಕಿಂತ ಹೆಚ್ಚು ಕಡೆ. ಅವರೆಲ್ಲ ಒಂದೇ ಗೊಂಬೆಯ ಬಗ್ಗೆ ತಾವಾಗಿಯೇ ಮತ್ತೆ ಮತ್ತೆ ವಿಚಾರಿಸಿದರೆ, ಆಗ ಫೀಸು ಕೊಟ್ಟು ಕಟ್ಟಿಸುವ ಕಾಲ ಬಂತು ಎಂದು ತಿಳಿಯಿರಿ.

ವಿಮೆ ಮಾಡಿಸುವವರು ಮೊದಲು ವಿಮಾ ಕಂಪನಿಗೇ ಕೇಳಿ. ಎಷ್ಟು ಬೆಲೆಯ ಮೇಲಿನ ವಸ್ತುವಿಗೆ ವರದಿ ಬೇಕು, ಯಾರ ವರದಿ ಒಪ್ಪುತ್ತಾರೆ ಎಂದು. ಕಡಿಮೆ ಬೆಲೆಯದಕ್ಕೆ ರಸೀದಿ ಮತ್ತು ಫೋಟೊ ಸಾಕಾಗಬಹುದು. ವರದಿ ಇದ್ದರೂ ಕೆಲವು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಮಾರುಕಟ್ಟೆ ನಿಂತಲ್ಲಿ ನಿಲ್ಲುವುದಿಲ್ಲ.

ಮಾರುವವರಿಗೆ ನನ್ನ ಅಳತೆ ಸರಳ. ನಿಮ್ಮ ಹುಡುಕಾಟದಲ್ಲಿ ಸಿಕ್ಕ ಬೆಲೆಯಿಂದ ಹರಾಜಿನ ಎಲ್ಲ ಖರ್ಚು ಕಳೆಯಿರಿ. ಉಳಿದದ್ದು ಡೀಲರ್ ಕೊಡುವುದಕ್ಕಿಂತ ತುಂಬಾ ಹೆಚ್ಚಿಲ್ಲದಿದ್ದರೆ ಡೀಲರ್‌ಗೇ ಕೊಡಿ. ಸಮಯ ಇದ್ದು, ಪ್ಯಾಕ್ ಮಾಡಲು ತಾಳ್ಮೆ ಇದ್ದರೆ ಇಂಟರ್ನೆಟ್‌ನಲ್ಲಿ ನೇರವಾಗಿ ಮಾರಿದಾಗ ಕೈಗೆ ಹೆಚ್ಚು ಬರುತ್ತದೆ. ಆದರೆ ದಾರಿಯಲ್ಲಿ ಒಡೆದರೆ ನಷ್ಟ ನಿಮ್ಮ ತಲೆಗೇ ಬರಬಹುದು. ಮುಕ್ಕನ್ನೂ ರಿಪೇರಿಯನ್ನೂ ಮುಚ್ಚಿಡದೆ ಫೋಟೊ ಸಮೇತ ಹೇಳಿ. ಮಾರುವ ಮೊದಲು ರಿಪೇರಿ ಮಾಡಿಸಲು ಹೋಗಬೇಡಿ, ಹೆಚ್ಚಿನ ಸಲ ಆ ಖರ್ಚು ಬೆಲೆಯಲ್ಲಿ ವಾಪಸ್ ಬರುವುದಿಲ್ಲ.

ಕೊಳ್ಳುವವರು ಬೆಲೆಗಿಂತ ಮೊದಲು ಕುತ್ತಿಗೆ, ಬೆರಳು, ತಳ ನೋಡಲಿ. ದುಡ್ಡು ಹಾಕಿ ದುಡ್ಡು ಮಾಡಲೆಂದು ಕಾರ್ಖಾನೆ ಗೊಂಬೆ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬೆಲೆ ಇಳಿದಿರುವ ಈ ಕಾಲದಲ್ಲಿ, ಇಷ್ಟಪಟ್ಟು ಕೂಡಿಸುವವರಿಗೆ ಮಾತ್ರ ಒಳ್ಳೆಯ ಅವಕಾಶವಿದೆ. ಒಂದು ಕಾಲದಲ್ಲಿ ಕೈಗೆ ಎಟುಕದಿದ್ದ ಗೊಂಬೆಗಳು ಈಗ ಸಾಧಾರಣ ಬಜೆಟ್‌ಗೂ ಸಿಗುತ್ತವೆ. ಒಂದೇ ಹಣದಲ್ಲಿ ರಿಪೇರಿಯಾದ ದೊಡ್ಡದೊಂದು, ಮುಕ್ಕಿಲ್ಲದ ಚಿಕ್ಕದೊಂದು ಎರಡೂ ಎದುರಿಗಿದ್ದರೆ, ಮುಂದೆ ಮಾರುವ ಯೋಚನೆ ಇರುವವರು ಚಿಕ್ಕದನ್ನೇ ತೆಗೆದುಕೊಳ್ಳಲಿ. ಕಣ್ಣೆದುರು ಇಟ್ಟು ದಿನಾ ನೋಡಲೆಂದೇ ಕೊಳ್ಳುವವರು ದೊಡ್ಡದನ್ನು ತೆಗೆದುಕೊಂಡರೆ ತಪ್ಪೇನಿಲ್ಲ, ರಿಪೇರಿಯಾದ ಗೊಂಬೆಗೆ ತಕ್ಕ ಬೆಲೆಯನ್ನಷ್ಟೇ ಕೊಟ್ಟಿದ್ದರೆ ಸಾಕು.